ಕೇಳಿದ್ಯಾ ಸಿಸ್ಟರ್

ಮೂಳೆ ವಾರ್ಡಿನ ದೊಡ್ಡಕ್ಕ ಮೈಗಳ್ಳರಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಯಾಕೆಂದರೆ ಮುಂದೆ ಹೇಳುವುದೆಲ್ಲ ಅವರು ತಲೆ ತಗ್ಗಿಸಬೇಕಾಗಿ ಬಂದ ಸಂಗತಿ.

ಅವರಿಗೆ ಐವತ್ತೆರಡು ವರ್ಷ. ನರ್ಸ್ ಕೆಲಸಕ್ಕೆ ಸೇರಿ ಮೂವತ್ತು ವರ್ಷ, ಇಪ್ಪತ್ತು ಹಾಸಿಗೆಯ ಆ ವಾರ್ಡಿಗೆ ಹೆಡ್ ನರ್ಸ್ ಆಗಿ ಹದಿನಾಲ್ಕು ವರ್ಷ. ಅಷ್ಟೂ ನೌಕರಿಯಲ್ಲಿ ಅವರು ತಡವಾಗಿ ಬಂದದ್ದು ಎರಡೇ ಸಲ. ಅಮ್ಮ ತೀರಿಕೊಂಡ ದಿನ ಒಮ್ಮೆ, ಬಸ್ಸಿನ ಟಯರ್ ಒಡೆದ ದಿನ ಇನ್ನೊಮ್ಮೆ. ಎರಡಕ್ಕೂ ಕಾರಣ ಬರೆದುಕೊಟ್ಟಿದ್ದರು. ಬೆಳಿಗ್ಗೆ ಎಂಟಕ್ಕೆ ಹತ್ತು ನಿಮಿಷ ಇರುವಾಗಲೇ ವಾರ್ಡಿನ ಬಾಗಿಲಲ್ಲಿ ಅವರ ಚಪ್ಪಲಿಯ ಸದ್ದು ಕೇಳುತ್ತಿತ್ತು. ಮಂಚದ ಕಂಬಿಯ ಮೇಲೆ ಬೆರಳಾಡಿಸಿ ಧೂಳು ನೋಡುತ್ತಿದ್ದರು. ಹೊದಿಕೆಯ ಮೂಲೆ ಮಡಿಕೆ ಸರಿಯಿಲ್ಲದಿದ್ದರೆ ಬೈಯುತ್ತಿರಲಿಲ್ಲ, ತಾವೇ ಬಿಚ್ಚಿ ಮಡಿಸುತ್ತಿದ್ದರು. ಬೈಗುಳಕ್ಕಿಂತ ಅದೇ ಜಾಸ್ತಿ ನಾಟುತ್ತಿತ್ತು.

ವಾರ್ಡಿನಲ್ಲಿ ಒಂದೇ ನಿಯಮ. ಏನು ಮಾಡುವುದಿದ್ದರೂ ಅವರನ್ನು ಕೇಳಿ ಮಾಡಬೇಕು. ದಿಂಬು ಬದಲಿಸಬೇಕೆ, ಕೇಳಬೇಕು. ನಾಲ್ಕನೇ ಬೆಡ್ಡಿನವರನ್ನು ಕುರ್ಚಿಯಲ್ಲಿ ಕೂರಿಸಬೇಕೆ, ಕೇಳಬೇಕು. ಡಾಕ್ಟರಿಗೆ ಫೋನ್ ಮಾಡಬೇಕೆ, ಮೊದಲು ಅವರನ್ನು ಕೇಳಬೇಕು. ಕೇಳದೆ ಮಾಡಿದ್ದು ಕಣ್ಣಿಗೆ ಬಿದ್ದರೆ ಅವರು ಎರಡೇ ಮಾತು ಆಡುತ್ತಿದ್ದರು.

"ನನ್ನ ಕೇಳಿದ್ಯಾ?"

ಆ ಎರಡು ಮಾತಿಗೆ ನರ್ಸುಗಳ ಕೈ ಹಿಡಿದ ಕೆಲಸದ ಮೇಲೇ ನಿಂತುಬಿಡುತ್ತಿತ್ತು. ದೊಡ್ಡಕ್ಕ ಅದನ್ನು ಶಿಸ್ತು ಅಂದುಕೊಂಡಿದ್ದರು.

ಒಂದೂವರೆ ವರ್ಷದಲ್ಲಿ ಐದು ಜನ ನರ್ಸುಗಳು ಬೇರೆ ವಾರ್ಡಿಗೆ ವರ್ಗ ಬೇಕೆಂದು ಅರ್ಜಿ ಕೊಟ್ಟು ಹೋಗಿದ್ದರು. ಒಬ್ಬಳು ಬೆನ್ನುನೋವು ಅಂದಿದ್ದಳು. ಇನ್ನೊಬ್ಬಳು ಮಗುವಿನ ಶಾಲೆಯ ಹೊತ್ತು ಹೊಂದುತ್ತಿಲ್ಲ ಅಂದಿದ್ದಳು. ಮೂಳೆ ವಾರ್ಡಿನಲ್ಲಿ ರೋಗಿಗಳನ್ನು ಎತ್ತಿ ಇಳಿಸುವುದು ಭಾರ ಅಂದವಳು ಮತ್ತೊಬ್ಬಳು. ಅವಳು ಹೋಗಿ ಸೇರಿದ್ದು ಅದಕ್ಕಿಂತ ಭಾರದ ಕೆಲಸವಿರುವ ಹೆರಿಗೆ ವಾರ್ಡಿಗೆ. ದೊಡ್ಡಕ್ಕ ಎಲ್ಲ ಕಾರಣಗಳನ್ನೂ ನಂಬಿದ್ದರು.

"ಈಗಿನ ಹುಡುಗೀರಿಗೆ ಒಂದು ಕಡೆ ಕಾಲು ನಿಲ್ಲಲ್ಲ," ಎಂದು ಮನೆಯಲ್ಲಿ ಗಂಡನ ಹತ್ತಿರ ಹೇಳಿದ್ದರು.

ಅವರ ಗಂಡ ಶಾಲೆಯ ಬಸ್ ಓಡಿಸುತ್ತಿದ್ದವರು, ಈಗ ನಿವೃತ್ತರು. ಮಾತಿಗೆ ಮೊದಲು ನಗುವ ಮನುಷ್ಯ. "ಹೌದೌದು, ನನಗೊಬ್ಬನಿಗೇ ನೋಡು ನಿಂತಿರೋದು. ಈಗ ಎದ್ದು ನೀರು ಕುಡೀಲಾ, ಅದಕ್ಕೂ ಕೇಳ್ಬೇಕಾ?" ಅಂದಿದ್ದರು. ದೊಡ್ಡಕ್ಕ ನಕ್ಕಿದ್ದರು. ಅದು ತಮಾಷೆ ಮಾತ್ರ ಅಂದುಕೊಂಡಿದ್ದರು.

ವಾರ್ಡಿನಲ್ಲಿ ಉಳಿದಿದ್ದವರ ಪೈಕಿ ಎಲ್ಲರಿಗಿಂತ ಚುರುಕಿನವಳು ಗುಬ್ಬಿ. ಕುಳ್ಳಗೆ, ತೆಳ್ಳಗೆ, ಕಾಲಿಗೆ ಚಕ್ರ ಕಟ್ಟಿಕೊಂಡ ಹಾಗೆ ಓಡಾಡುವ ಹುಡುಗಿಯಾದ್ದರಿಂದ ಆ ಹೆಸರು. ಬಂದ ಹೊಸತರಲ್ಲಿ ಅವಳು ಒಬ್ಬ ರೋಗಿಯ ಕಾಲಿನ ಬ್ಯಾಂಡೇಜ್ ಬಿಗಿಯಾಗಿದೆ ಅನ್ನಿಸಿ ತಾನೇ ಸಡಿಲಿಸಿದ್ದಳು. ಮಾಡಿದ್ದು ಸರಿಯಾಗಿಯೇ ಇತ್ತು. ಆದರೂ ದೊಡ್ಡಕ್ಕ ಅವಳನ್ನು ವಾರ್ಡಿನ ನಡುವೆ ನಿಲ್ಲಿಸಿ, "ನಿನ್ನ ಕೈಗೆ ಸ್ವಲ್ಪ ಬುದ್ಧಿ ಬರ್ಲಿ. ಒಂದು ವಾರ ರೌಂಡ್ಸಿನಲ್ಲಿ ಕೈ ಹಿಂದೆ ಕಟ್ಕೊಂಡು ನನ್ನ ಬೆನ್ನ ಹಿಂದೆ ನಡಿ," ಅಂದಿದ್ದರು. ಗುಬ್ಬಿ ಏಳು ದಿನ ಹಾಗೇ ನಡೆದಳು. ರೋಗಿಗಳು ನೋಡಿದರು, ರೋಗಿಗಳ ಮನೆಯವರೂ ನೋಡಿದರು. ಎಂಟನೇ ದಿನದಿಂದ ಗುಬ್ಬಿ ಎಲ್ಲದಕ್ಕೂ ಕೇಳತೊಡಗಿದಳು. ಹುಡುಗಿ ದಾರಿಗೆ ಬಂದಳು ಎಂದು ದೊಡ್ಡಕ್ಕನಿಗೆ ಸಮಾಧಾನವಾಯಿತು.

ಆ ತಿಂಗಳು ಏಳನೇ ಬೆಡ್ಡಿಗೆ ಬಂದವರು ಒಬ್ಬ ವಯಸ್ಸಾದ ಟೈಲರ್. ಸ್ಟೂಲಿನ ಮೇಲೆ ಹತ್ತಿ ಮೇಲಿನ ಕಪಾಟಿನಿಂದ ಬಟ್ಟೆಯ ಥಾನು ಇಳಿಸುವಾಗ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಿದ್ದರು. ಆಪರೇಷನ್ ಆಗಿ, ಕೈಗೆ ಅರ್ಧ ಪ್ಲಾಸ್ಟರ್ ಇಟ್ಟು ಮೇಲೆ ಬ್ಯಾಂಡೇಜ್ ಸುತ್ತಿದ್ದರು. ಬೆರಳುಗಳು ಮಾತ್ರ ಹೊರಗೆ ಕಾಣುತ್ತಿದ್ದವು. ಗೊಣಗುವುದರಲ್ಲಿ ಈ ಅಜ್ಜನನ್ನು ಮೀರಿಸುವವರಿರಲಿಲ್ಲ. ಫ್ಯಾನಿನ ಸದ್ದು ಸರಿಯಿಲ್ಲ, ದಿಂಬಿನ ಹೊಲಿಗೆ ಸರಿಯಿಲ್ಲ, ಡಾಕ್ಟರ ಕೋಟಿನ ಕಾಲರು ಒಂದು ಕಡೆ ಎತ್ತರ ಒಂದು ಕಡೆ ತಗ್ಗು.

"ಸಿಸ್ಟರ್, ನಿಮ್ಮ ತೋಳಿನ ಹೊಲಿಗೆ ಯಾರು ಹಾಕಿದ್ದು? ಅವನನ್ನು ಕರ್ಕೊಂಡ್ಬನ್ನಿ, ಒಂದು ಕೈಯಲ್ಲೇ ಬಾರಿಸ್ತೀನಿ," ಎಂದು ಗುಬ್ಬಿಗೆ ಹೇಳುತ್ತಿದ್ದರು.

"ಅಜ್ಜ, ಮೊದಲು ಊಟ ಮಾಡಿ. ಆಮೇಲೆ ಬಾರಿಸೋರಂತೆ."

"ಊಟ ಬಿಡು. ಈ ಕೈ ಯಾವಾಗ ಸರಿಹೋಗುತ್ತೆ ಹೇಳು. ಸೂಜಿ ಹಿಡೀದೆ ನಾಲ್ಕು ದಿನ ಆಯ್ತು. ನಲವತ್ತೆಂಟು ವರ್ಷದಲ್ಲಿ ಇದೇ ಮೊದಲು."

ಆಪರೇಷನ್ ಆದ ಮರುದಿನ ಮಧ್ಯಾಹ್ನ ಎರಡೂವರೆಗೆ ಮಹಡಿಯ ಕೋಣೆಯಲ್ಲಿ ಹೆಡ್ ನರ್ಸುಗಳ ಸಭೆ ಇತ್ತು. ಕರೆದವರು ಆಸ್ಪತ್ರೆಯ ನರ್ಸುಗಳಿಗೆಲ್ಲ ಮೇಲಿನವರಾಗಿ ಆರು ತಿಂಗಳ ಹಿಂದೆ ಬಂದ ಹೊಸ ಮೇಟ್ರನ್. ಮೆಲ್ಲಗೆ ಮಾತಾಡುವವರು, ಯಾರೇ ಏನೇ ಕೇಳಿದರೂ "ನೀವೇನಂತೀರಿ?" ಎಂದು ಮರಳಿ ಕೇಳುವವರು. ದೊಡ್ಡಕ್ಕನಿಗೆ ಅವರನ್ನು ಕಂಡರೆ ಅಷ್ಟಕ್ಕಷ್ಟೆ. ಗೊತ್ತಿಲ್ಲದವರು ಮಾತ್ರ ಹಾಗೆ ಕೇಳುತ್ತಾರೆ ಎಂಬುದು ಅವರ ಅಭಿಪ್ರಾಯ.

ಸಭೆಯ ವಿಷಯ, ನರ್ಸುಗಳು ವಾರ್ಡು ಬಿಟ್ಟು ಯಾಕೆ ಹೋಗುತ್ತಿದ್ದಾರೆ ಎನ್ನುವುದು. ಮಕ್ಕಳ ವಾರ್ಡಿನ ಹೆಡ್ ನರ್ಸ್ ತಮ್ಮ ವಾರ್ಡಿನಿಂದ ವರ್ಷದಲ್ಲಿ ಒಬ್ಬರೂ ಹೋಗಿಲ್ಲವೆಂದರು. ಯಾವ ಯಾವ ಕೆಲಸವನ್ನು ನರ್ಸುಗಳು ಯಾರನ್ನೂ ಕೇಳದೆ ಮಾಡಬಹುದು ಎಂದು ಅವರೆಲ್ಲ ಕೂತು ಒಂದು ಪಟ್ಟಿ ಮಾಡಿಕೊಂಡಿದ್ದರಂತೆ. ಮೇಟ್ರನ್ ದೊಡ್ಡಕ್ಕನ ಕಡೆ ತಿರುಗಿದರು.

"ನಿಮ್ಮ ವಾರ್ಡಿನಿಂದ ಐದು ಜನ ಹೋದ್ರು. ಯಾಕಿರಬಹುದು? ನೀವೇನಂತೀರಿ?"

ಆಗಲೇ ಬಾಗಿಲು ಕಿರಿದಾಗಿ ತೆರೆದು ಅಟೆಂಡರ್ ಒಳಗೆ ಬಂದ. ದೊಡ್ಡಕ್ಕನ ಕೈಗೆ ಒಂದು ಚೀಟಿ ಕೊಟ್ಟು ಹೊರಗೆ ಹೋದ. ಗುಬ್ಬಿಯ ದುಂಡನೆಯ ಅಕ್ಷರ.

"ಏಳನೇ ಬೆಡ್. ಬಲಗೈ ಬೆರಳು ತಣ್ಣಗಾಗಿವೆ, ಊದಿವೆ. ಜುಮ್ ಅನ್ನುತ್ತಿದೆ ಎನ್ನುತ್ತಾರೆ. ಬ್ಯಾಂಡೇಜ್ ಸಡಿಲಿಸಬಹುದೇ?"

ದೊಡ್ಡಕ್ಕ ಓದಿದರು. ಪೂರ್ತಿ ಓದಿದರು. ಏಳನೇ ಬೆಡ್ಡಿನ ಅಜ್ಜ ಗೊಣಗಲು ಹೊಸದೊಂದು ಹುಡುಕಿಕೊಂಡರು ಎಂಬ ಯೋಚನೆ ಬಂತು. ಅದರ ಹಿಂದೆಯೇ ಇನ್ನೊಂದು ಬಂತು. ಅದು ಯೋಚನೆಯೂ ಅಲ್ಲ, ಎದೆಯಲ್ಲಿ ಬೆಚ್ಚಗೆ ಏನೋ ಹರಡಿದ ಹಾಗೆ. ಎಲ್ಲರೆದುರು, ಸರಿಯಾದ ಹೊತ್ತಿಗೆ, ತನ್ನನ್ನು ಕೇಳಲು ಚೀಟಿ ಬಂದಿತ್ತು.

"ಹೋಗ್ಬೇಕಾಗಿತ್ತಾ?" ಎಂದರು ಮೇಟ್ರನ್.

"ಏನಿಲ್ಲ, ಮಾಮೂಲಿ." ದೊಡ್ಡಕ್ಕ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಕೋಟಿನ ಜೇಬಿಗೆ ಹಾಕಿಕೊಂಡರು. "ನನ್ನ ಹುಡುಗೀರು ನನ್ನ ಕೇಳದೆ ಒಂದು ಹುಲ್ಲುಕಡ್ಡೀನೂ ಎತ್ತಲ್ಲ, ಮೇಡಂ. ಹದಿನಾಲ್ಕು ವರ್ಷದಲ್ಲಿ ನನ್ನ ವಾರ್ಡಿನ ಮೇಲೆ ಒಂದು ದೂರು ಬಂದಿಲ್ಲ. ಹೋಗೋರು ಹೋಗ್ತಾರೆ. ಇರೋರು ಸರಿಯಾಗಿದಾರೆ."

ಮುಂದೆ ನಲವತ್ತು ನಿಮಿಷ ಅವರು ಮಾತಾಡಿದರು. ಶಿಸ್ತಿನ ಬಗ್ಗೆ ಮಾತಾಡಿದರು.

ಕೆಳಗೆ ಗುಬ್ಬಿ ಆಪರೇಷನ್ ಕೋಣೆಗೆ ಫೋನ್ ಮಾಡಿದ್ದಳು. ಡಾಕ್ಟರ್ ಒಳಗಿದ್ದರು. ಫೋನ್ ಎತ್ತಿದವರು, "ನಿಮ್ಮ ದೊಡ್ಡಕ್ಕ ಏನಂದ್ರು?" ಎಂದು ಕೇಳಿದರು. ಇನ್ನೂ ಏನೂ ಅಂದಿಲ್ಲ ಎಂದಳು. "ಹಾಗಾದ್ರೆ ಅವರು ಹೇಳ್ಲಿ," ಎಂದು ಫೋನ್ ಇಟ್ಟರು. ಅವಳು ಮಹಡಿಗೆ ಎರಡು ಸಲ ಹತ್ತಿ, ಸಭೆಯ ಒಳಗೆ ನುಗ್ಗಲು ಧೈರ್ಯವಾಗದೆ ಇಳಿದಳು. ಎರಡನೇ ಸಲ ಅಟೆಂಡರ್, "ಕೊಟ್ಟೆ ತಾಯಿ, ಓದಿ ಜೇಬಲ್ಲಿಟ್ಟುಕೊಂಡ್ರು," ಎಂದ. ಅವಳು ವಾಪಸು ಬಂದು ಅಜ್ಜನ ಮಂಚದ ಪಕ್ಕ ನಿಂತಳು. ಅಜ್ಜ ಆಗ ಗೊಣಗುತ್ತಿರಲಿಲ್ಲ. ಮಾತೇ ಆಡುತ್ತಿರಲಿಲ್ಲ. ಉಗುರು ನೀಲಿ ತಿರುಗಿದ್ದು ಕಂಡಾಗ ಅವಳ ಕೈ ತಾನಾಗಿ ಬ್ಯಾಂಡೇಜಿನ ಪಿನ್ ತೆಗೆಯಿತು. ಬಿಚ್ಚಿ ಸಡಿಲಾಗಿ ಸುತ್ತಲು ಒಂದೂವರೆ ನಿಮಿಷ ಸಾಕಾಯಿತು.

ಸಭೆ ಮುಗಿಸಿ ದೊಡ್ಡಕ್ಕ ವಾರ್ಡಿಗೆ ಕಾಲಿಟ್ಟಾಗ ಅವರಿಗೆ ಕಂಡದ್ದು ಇದು. ಗುಬ್ಬಿ ಅಜ್ಜನ ಕೈಯನ್ನು ದಿಂಬಿನ ಮೇಲೆ ಎತ್ತಿ ಹಿಡಿದಿದ್ದಾಳೆ, ಬ್ಯಾಂಡೇಜ್ ಹೊಸದಾಗಿ ಸುತ್ತಿದೆ. ಜೇಬಿನಲ್ಲಿ ಚೀಟಿ ಇತ್ತು. ಆದರೂ ಹದಿನಾಲ್ಕು ವರ್ಷದ ಅಭ್ಯಾಸ ಬಾಯಲ್ಲಿ ಮೊದಲು ಬಂತು.

"ನನ್ನ ಕೇಳಿದ್ಯಾ?"

ಗುಬ್ಬಿ ತಲೆಯೆತ್ತಿ ನೋಡಿದಳು.

"ಕೇಳಿದೆ, ದೊಡ್ಡಕ್ಕ."

ಅಷ್ಟೇ ಹೇಳಿ ಮತ್ತೆ ಅಜ್ಜನ ಬೆರಳುಗಳ ಮೇಲೆ ಬಗ್ಗಿದಳು. ಆ ಕ್ಷಣ ದೊಡ್ಡಕ್ಕನ ಕಿವಿಯ ತುದಿ ಸುಟ್ಟ ಹಾಗಾಯಿತು. ಆಗಲೇ ಒಂದು ಮಾತು ಆಡಿಬಿಟ್ಟಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಅವರು ಆಡಲಿಲ್ಲ.

ಡಾಕ್ಟರ್ ಬಂದರು. ಬೆರಳುಗಳಿಗೆ ರಕ್ತ ಮರಳಿತ್ತು, ಬಣ್ಣ ಬಂದಿತ್ತು. ಆದರೆ ಹೆಬ್ಬೆರಳಿಗೂ ತೋರುಬೆರಳಿಗೂ ಸೂಜಿಯ ಮೊನೆ ತಾಗಿಸಿದರೆ ಅಜ್ಜನಿಗೆ ಗೊತ್ತಾಗುತ್ತಿರಲಿಲ್ಲ. ನರ ಒತ್ತಿಕೊಂಡಿದೆ, ನಿಧಾನಕ್ಕೆ ಬರಬಹುದು, ಪೂರ್ತಿ ಬರುತ್ತದೋ ಇಲ್ಲವೋ ಈಗ ಹೇಳಲಾಗದು ಎಂದರು. ಆಮೇಲೆ ವಾರ್ಡಿನ ಮೇಜಿನ ಹತ್ತಿರ ಬಂದು ದನಿ ಏರಿಸಿದರು.

"ಮುಕ್ಕಾಲು ಗಂಟೆ! ಬ್ಯಾಂಡೇಜ್ ಸಡಿಲ ಮಾಡೋಕೆ ಮುಕ್ಕಾಲು ಗಂಟೆ ಯಾಕೆ ಬೇಕಾಯ್ತು?"

ಮೇಜಿನ ಸುತ್ತ ನಾಲ್ಕು ಜನ ನರ್ಸುಗಳಿದ್ದರು. ಎಲ್ಲರೂ ನೆಲ ನೋಡುತ್ತಿದ್ದರು. ದೊಡ್ಡಕ್ಕ ಹೇಳಬೇಕಾದ ಮಾತು ನಾಲಿಗೆಯ ತುದಿಯವರೆಗೆ ಬಂದು ಅಲ್ಲಿಂದ ಬೇರೆಯೇ ಆಗಿ ಹೊರಬಿತ್ತು.

"ವಿಷಯ ನನಗೆ ತಲುಪಿರಲಿಲ್ಲ, ಡಾಕ್ಟರ್."

ಡಾಕ್ಟರ್ ಗುಬ್ಬಿಯ ಕಡೆ ತಿರುಗಿ, ಲಿಖಿತ ವಿವರಣೆ ಕೊಡಬೇಕೆಂದು ಹೇಳಿ ಹೋದರು. ಗುಬ್ಬಿ ವಾದ ಮಾಡಲಿಲ್ಲ, ಅಳಲೂ ಇಲ್ಲ. ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು ಎರಡು ಸಾಲು ಬರೆದಳು. ಬೆರಳು ತಣ್ಣಗಿದ್ದದ್ದನ್ನು ಎರಡು ಮುಕ್ಕಾಲಿಗೆ ನೋಡಿದೆ, ಚೀಟಿ ಕಳಿಸಿದೆ. ಮೂರೂವರೆಗೆ ನಾನೇ ಸಡಿಲಿಸಿದೆ. ಇನ್ನೊಂದು ಹಾಳೆಯಲ್ಲಿ ವರ್ಗಾವಣೆಯ ಅರ್ಜಿ ಬರೆದಳು. ಅದರಲ್ಲಿ ಕಾರಣ ಎನ್ನುವ ಜಾಗವನ್ನು ಖಾಲಿ ಬಿಟ್ಟಿದ್ದಳು.

ಮರುದಿನ ಬೆಳಿಗ್ಗೆ ದೊಡ್ಡಕ್ಕ ರೌಂಡ್ಸಿಗೆ ಹೊರಟರು. ಏಳನೇ ಬೆಡ್ಡಿನ ಹತ್ತಿರ ನಿಲ್ಲದೆ ದಾಟುವ ಮನಸ್ಸಿತ್ತು. ಅಜ್ಜ ಬಿಡಲಿಲ್ಲ.

"ಬನ್ನಿ ಬನ್ನಿ, ಕೇಳಿದ್ಯಾ ಸಿಸ್ಟರ್."

ದೊಡ್ಡಕ್ಕ ನಿಂತರು. "ಏನಂದ್ರಿ?"

"ಕರೆದೆ, ಅಷ್ಟೆ. ಹೆಸರು ಹಿಡಿದು ಕರೀಬಾರದಿತ್ತಾ? ವಯಸ್ಸಲ್ಲಿ ನಾನು ದೊಡ್ಡೋನು ಅಂತ ಕರೆದೆ."

"ಅದು ನನ್ನ ಹೆಸರಲ್ಲ."

"ಅಲ್ವಾ?" ಅಜ್ಜ ನಿಜಕ್ಕೂ ಗಾಬರಿಯಾದರು. "ಎಲ್ರೂ ಹಾಗೇ ಅಂತಾರಲ್ಲ. 'ಕೇಳಿದ್ಯಾ ಬಂದ್ರು', 'ಕೇಳಿದ್ಯಾ ಊಟಕ್ಕೆ ಹೋದ್ರು', 'ಕೇಳಿದ್ಯಾ ಕಣ್ಣಿಗೆ ಬೀಳಬೇಡ'. ಬಂದ ದಿನದಿಂದ ಕೇಳ್ತಾ ಇದೀನಿ. ಎಲ್ಲೋ ದೂರದ ಕಡೆಯ ಹೆಸರಿರಬೇಕು, ಚೆನ್ನಾಗಿದೆ ಅಂದ್ಕೊಂಡೆ. ನನ್ನ ಸೊಸೆಗೂ ಹೇಳಿದೆ, ಇಲ್ಲಿನ ದೊಡ್ಡ ಸಿಸ್ಟರ್ ಹೆಸರು ಕೇಳಿದ್ಯಾ ಅಂತ. ಅವಳು, ಇಲ್ಲ ಮಾವ, ಕೇಳಿಲ್ಲ, ಏನು ಹೆಸರು ಅಂದ್ಲು."

ಎಂಟನೇ ಬೆಡ್ಡಿನವರು ಕೆಮ್ಮಿದಂತೆ ಮಾಡಿ ಗೋಡೆಯ ಕಡೆ ತಿರುಗಿದರು. ಅವರ ಬೆನ್ನು ಅಲುಗುತ್ತಿತ್ತು. ಔಷಧಿಯ ತಟ್ಟೆ ಹಿಡಿದಿದ್ದ ಎಳೆಯ ನರ್ಸ್ ಒಬ್ಬಳ ಮುಖ ಮಾತ್ರ ಬಿಳಿಚಿಕೊಂಡಿತು. ದೊಡ್ಡಕ್ಕ ಅಜ್ಜನ ಚಾರ್ಟು ಎತ್ತಿ, ಓದಿದಂತೆ ಮಾಡಿ, ಅಲ್ಲೇ ಇಟ್ಟರು. ಒಂದಕ್ಷರವೂ ಕಣ್ಣಿಗೆ ಕಂಡಿರಲಿಲ್ಲ.

ಸಂಜೆ ಮನೆಯಲ್ಲಿ ಒಣಗಿದ ಬಟ್ಟೆ ಮಡಿಸುತ್ತಾ ಗಂಡನನ್ನು ಕೇಳಿದರು.

"ಆಸ್ಪತ್ರೆಯಲ್ಲಿ ನನ್ನನ್ನ ಏನಂತ ಕರೀತಾರೆ, ಗೊತ್ತಾ ನಿಮಗೆ?"

ಗಂಡ ಪೇಪರಿನಿಂದ ತಲೆಯೆತ್ತಿದರು. ಈ ಸಲ ನಗಲಿಲ್ಲ. "ಗೊತ್ತು."

"ಯಾವಾಗಿಂದ?"

"ಆಯ್ತಲ್ಲ ಹತ್ತು ವರ್ಷ. ನಿನ್ನ ಕರ್ಕೊಂಡು ಹೋಗೋಕೆ ಗೇಟಿನ ಹತ್ರ ಬರ್ತಿದ್ನಲ್ಲ, ಆಗ. 'ಕೇಳಿದ್ಯಾ ಯಜಮಾನ್ರು ಬಂದ್ರು' ಅಂದ ಯಾರೋ."

"ನನಗ್ಯಾಕೆ ಹೇಳ್ಲಿಲ್ಲ?"

ಅವರು ಪೇಪರು ಮಡಿಸಿದರು. "ಹೇಳ್ತಾನೇ ಇದ್ನಲ್ಲೇ, ನೀರು ಕುಡೀಲಾ, ಕೇಳ್ಬೇಕಾ ಅಂತ. ನೀನು ನಗ್ತಿದ್ದೆ."

ದೊಡ್ಡಕ್ಕ ಮಡಿಸಿದ ಅಂಗಿಯನ್ನೇ ಬಿಚ್ಚಿ ಮತ್ತೆ ಮಡಿಸಿದರು. ಚೀಟಿಯ ವಿಷಯ ಗಂಡನಿಗೆ ಹೇಳಲಾಗಲಿಲ್ಲ. ಹೆಸರಿನ ನಾಚಿಕೆಯನ್ನಾದರೂ ಹೇಳಿಕೊಳ್ಳಬಹುದಿತ್ತು. ಇನ್ನೊಂದು ಹೇಳಿಕೊಳ್ಳುವಂಥದ್ದಲ್ಲ.

ಇನ್ನೂ ಒಂದು ದಿನ ಕಳೆಯಿತು. ವಾರ್ಡಿನಲ್ಲಿ ಎಲ್ಲ ಎಂದಿನ ಹಾಗೇ ಇತ್ತು. ಗುಬ್ಬಿ ಬಂದು, "ದೊಡ್ಡಕ್ಕ, ಹತ್ತನೇ ಬೆಡ್ಡಿನ ಹೊದಿಕೆ ಬದಲಿಸಲಾ?" ಎಂದು ಕೇಳುತ್ತಿದ್ದಳು. ದನಿಯಲ್ಲಿ ವ್ಯಂಗ್ಯವಿರಲಿಲ್ಲ, ಕೋಪವಿರಲಿಲ್ಲ. ಇದ್ದಿದ್ದರೆ ದೊಡ್ಡಕ್ಕನಿಗೆ ಹಗುರಾಗುತ್ತಿತ್ತು.

ಮಧ್ಯಾಹ್ನ ಊಟದ ಡಬ್ಬಿ ಮುಂದಿಟ್ಟುಕೊಂಡು ಕೂತಾಗ ಅವರಿಗೆ ಇಪ್ಪತ್ತೆಂಟು ವರ್ಷದ ಹಿಂದಿನ ದಿನವೊಂದು ಎದ್ದು ಬಂತು. ಆಗ ಅವರು ಎರಡು ವರ್ಷದ ನರ್ಸ್. ಸಕ್ಕರೆ ಕಾಯಿಲೆಯ ಒಬ್ಬ ಹೆಂಗಸು ಕಾಲು ಚಳಿ ಎಂದು ನರಳಿದ್ದಕ್ಕೆ, ಯಾರನ್ನೂ ಕೇಳದೆ ಬಿಸಿನೀರಿನ ಚೀಲ ತಂದು ಪಾದಕ್ಕೆ ಇಟ್ಟಿದ್ದರು. ಆ ಪಾದಕ್ಕೆ ಬಿಸಿ ಗೊತ್ತಾಗುವುದಿಲ್ಲ ಎನ್ನುವುದು ಅವರಿಗೆ ಹೊಳೆದಿರಲಿಲ್ಲ. ದೊಡ್ಡ ಬೊಕ್ಕೆ ಎದ್ದಿತ್ತು. ಡಾಕ್ಟರು ಕೂಗಾಡಿದಾಗ ಆಗಿನ ಹೆಡ್ ನರ್ಸ್ ಮುಂದೆ ಬಂದು, "ನಾನೇ ಇಡೋಕೆ ಹೇಳಿದ್ದೆ," ಅಂದುಬಿಟ್ಟಿದ್ದರು. ಆಕೆ ಹೇಳಿರಲೇ ಇಲ್ಲ. ಆಮೇಲೆ ಇವರನ್ನು ಒಳಗೆ ಕರೆದು, ಯಾವ ಕಾಲಿಗೆ ಬಿಸಿ ಇಡಬಾರದು, ಯಾಕೆ ಇಡಬಾರದು ಎಂದು ಒಂದು ಗಂಟೆ ಕೂರಿಸಿ ಕಲಿಸಿದ್ದರು. ಕೊನೆಗೆ, "ನಾಳೆಯಿಂದ ಕೈ ಕಟ್ಕೊಂಡು ಕೂರಬೇಡ ಮತ್ತೆ," ಎಂದು ಭುಜ ತಟ್ಟಿದ್ದರು.

ಆ ಭುಜ ತಟ್ಟಿದ್ದನ್ನು ತಾವು ಯಾವಾಗ ಮರೆತರು? ಬೊಕ್ಕೆಯನ್ನು ಮಾತ್ರ ನೆನಪಿಟ್ಟುಕೊಂಡು, ಇನ್ನು ಮುಂದೆ ಯಾರೂ ಕೇಳದೆ ಏನೂ ಮಾಡಬಾರದು ಎಂಬ ಪಾಠ ಯಾವಾಗ ಕಲಿತರು? ಆಕೆ ಒಂದು ಸುಳ್ಳು ಹೇಳಿ ಇವರನ್ನು ಉಳಿಸಿದ್ದರು. ಇವರು ಒಂದು ಸುಳ್ಳು ಹೇಳಿ ತಮ್ಮನ್ನು ಉಳಿಸಿಕೊಂಡಿದ್ದರು. ಡಬ್ಬಿಯ ಮುಚ್ಚಳ ತೆಗೆಯದೆ ಎದ್ದು ಅವರು ಮೇಟ್ರನ್ ಕೋಣೆಗೆ ಹೋದರು.

"ಚೀಟಿ ನನಗೆ ತಲುಪಿತ್ತು, ಮೇಡಂ," ಎಂದರು, ಕೂರದೆ. "ಸಭೆಯಲ್ಲೇ ತಲುಪಿತ್ತು. ಓದಿದ್ದೆ. ಆ ಹುಡುಗಿಯ ತಪ್ಪೇನೂ ಇಲ್ಲ."

ಮೇಟ್ರನ್ ಪೆನ್ನು ಕೆಳಗಿಟ್ಟರು. "ನೀವು ಅದನ್ನ ಮಡಚಿ ಜೇಬಿಗೆ ಹಾಕಿದ್ದು ನಾನು ನೋಡಿದೆ. ತಲುಪಿರಲಿಲ್ಲ ಅಂದ್ರಂತೆ ಅಂತ ಕೇಳಿದಾಗ ನನಗೆ ಗೊತ್ತಾಯ್ತು. ನೀವಾಗೇ ಬರ್ಲಿ ಅಂತ ಕಾದೆ."

ದೊಡ್ಡಕ್ಕ ಆ ಚೀಟಿಯನ್ನು ತೆಗೆದು ಮೇಜಿನ ಮೇಲಿಟ್ಟರು.

"ಕಾದದ್ದು ನನ್ನದೂ ತಪ್ಪೇ," ಎಂದರು ಮೇಟ್ರನ್. "ನೀವು ಬರೋವರೆಗೂ ಆ ಹುಡುಗಿ ಅಪರಾಧಿ ಥರ ಓಡಾಡಿದ್ಲು. ಅವಳ ವಿವರಣೆ ಪತ್ರ ಹರಿದು ಹಾಕ್ತೀನಿ. ಡಾಕ್ಟರಿಗೆ ನೀವು ಹೇಳಿ. ಆ ಟೈಲರಿಗೂ ನೀವೇ ಹೇಳ್ಬೇಕು. ನಿಮ್ಮ ವಿವರಣೆ ಬರೆದು ಕೊಡಿ. ಮುಂದೇನು ಅನ್ನೋದನ್ನ ಮೇಲಿನವರು ನೋಡ್ತಾರೆ."

ಡಾಕ್ಟರಿಗೆ ಹೇಳುವುದು ಕಷ್ಟವಾಗಲಿಲ್ಲ. ಅವರು ಕೂಗಾಡಿದರು, ಇವರು ನಿಂತು ಕೇಳಿದರು. ಕಷ್ಟವಾದದ್ದು ಏಳನೇ ಬೆಡ್.

ಅಜ್ಜ ಎಡಗೈಯಿಂದ ಬಲಗೈ ತೋರುಬೆರಳನ್ನು ಉಜ್ಜುತ್ತಾ ಕೂತಿದ್ದರು. ದೊಡ್ಡಕ್ಕ ಸ್ಟೂಲ್ ಎಳೆದುಕೊಂಡು ಕೂತು ಎಲ್ಲವನ್ನೂ ಹೇಳಿದರು. ಅಜ್ಜ ಪೂರ್ತಿ ಕೇಳಿದರು. ಆಮೇಲೆ ಕೇಳಿದ್ದು ಒಂದೇ.

"ಚೀಟಿ ಓದಿದಾಗ ಏನಂದ್ಕೊಂಡ್ರಿ?"

ಇದನ್ನು ಮೇಟ್ರನ್ ಕೇಳಿರಲಿಲ್ಲ, ಡಾಕ್ಟರೂ ಕೇಳಿರಲಿಲ್ಲ. ದೊಡ್ಡಕ್ಕ ಸುಳ್ಳು ಹುಡುಕಲಿಲ್ಲ.

"ನೀವು ಯಾವಾಗ್ಲೂ ಗೊಣಗ್ತೀರಲ್ಲ, ಹಾಗೇ ಇರಬೇಕು ಅಂದ್ಕೊಂಡೆ."

"ಗೊಣಗ್ತೀನಿ. ನಿಜ." ಅಜ್ಜ ತಲೆಯಾಡಿಸಿದರು. "ಆದ್ರೆ ಚೀಟಿ ಬರೆದಿದ್ದು ನಾನಲ್ವಲ್ಲಮ್ಮ. ಆ ಹುಡುಗಿ. ಅವಳು ಗೊಣಗಿದ್ದನ್ನ ಯಾವತ್ತಾದ್ರೂ ಕಂಡಿದೀರಾ ನೀವು?"

ದೊಡ್ಡಕ್ಕ ಕ್ಷಮಿಸಿ ಎಂದರು. ಅಜ್ಜ ಆಗಲಿ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. "ನಾಳೆ ಸೊಸೆ ಬರ್ತಾಳೆ. ಅವಳಿಗೂ ಒಂದು ಸಲ ಹೇಳಿ. ನನ್ನ ಕೈಯಲ್ಲಿ ಹೇಳೋಕಾಗಲ್ಲ," ಎಂದು ಬೆರಳು ಉಜ್ಜುವುದನ್ನು ಮುಂದುವರಿಸಿದರು. ದೊಡ್ಡಕ್ಕ ಮರುದಿನ ಸೊಸೆಗೂ ಹೇಳಿದರು. ಆಕೆ ನೇರವಾಗಿಯೇ ಬೈದರು.

ಗುಬ್ಬಿ ಸಿಕ್ಕಿದ್ದು ಹೊದಿಕೆಗಳ ಕೋಣೆಯಲ್ಲಿ. ಒಗೆದು ಬಂದ ಹೊದಿಕೆಗಳನ್ನು ಎಣಿಸಿ ಜೋಡಿಸುತ್ತಿದ್ದಳು. ದೊಡ್ಡಕ್ಕ ಬಾಗಿಲು ಮುಂದೆ ಮಾಡಿ, ಮೇಟ್ರನ್ ಹತ್ತಿರ ನಿಜ ಹೇಳಿದ್ದನ್ನು ತಿಳಿಸಿದರು. ಹುಡುಗಿ ಅಳಬಹುದು, ಸಿಟ್ಟಾಗಬಹುದು ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದರು.

"ನೀವು ಓದಿದ್ದು ನನಗೆ ಗೊತ್ತಿತ್ತು, ದೊಡ್ಡಕ್ಕ," ಎಂದಳು ಗುಬ್ಬಿ. "ಅಟೆಂಡರ್ ಅಣ್ಣ ಅವತ್ತೇ ಹೇಳಿದ. ವಾರ್ಡಲ್ಲಿ ಎಲ್ರಿಗೂ ಗೊತ್ತು."

"ನಾನು ತಲುಪಿಲ್ಲ ಅಂದಾಗಲೂ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಒಬ್ಬರೂ ಯಾಕೆ ಹೇಳ್ಲಿಲ್ಲ?"

ಗುಬ್ಬಿ ಹೊದಿಕೆಯ ಅಂಚು ಸರಿಮಾಡಿದಳು. ನೋಯಿಸದ ಮಾತು ಹುಡುಕುತ್ತಿದ್ದಾಳೆ ಎನ್ನುವುದು ಅವಳ ಮುಖದಲ್ಲೇ ಕಾಣುತ್ತಿತ್ತು. ಅಂಥದ್ದು ಸಿಗಲಿಲ್ಲ.

"ಯಾರಿಗೂ ಆಶ್ಚರ್ಯ ಆಗ್ಲಿಲ್ಲ, ದೊಡ್ಡಕ್ಕ."

ಹದಿನಾಲ್ಕು ವರ್ಷ ಧೂಳಿಲ್ಲದ ಹಾಗೆ ಕಾಪಾಡಿದ ವಾರ್ಡು. ಅಲ್ಲಿ ತಮ್ಮಿಂದ ಇಷ್ಟು ಕೀಳಾದ ನಡತೆಯನ್ನೇ ಎಲ್ಲರೂ ನಿರೀಕ್ಷಿಸಿದ್ದರು ಎಂಬುದು ಅವರಿಗೆ ಅಲ್ಲಿ, ಸೋಪಿನ ವಾಸನೆಯ ಆ ಕೋಣೆಯಲ್ಲಿ, ತಿಳಿಯಿತು.

"ಹೋಗಲೇಬೇಕಾ ನೀನು?" ಎಂದರು. ಹಾಗೆ ಯಾರನ್ನೂ ಅವರು ಕೇಳಿದವರಲ್ಲ.

"ಹೋಗ್ತೀನಿ. ನಿಮ್ಮ ಮೇಲೆ ಕೋಪಕ್ಕಲ್ಲ." ಗುಬ್ಬಿ ಕೈಯಲ್ಲಿದ್ದ ಹೊದಿಕೆಯನ್ನು ಕೆಳಗಿಟ್ಟಳು. "ಬೆರಳು ಮುಟ್ಟಿದ ತಕ್ಷಣ ನನಗೆ ಗೊತ್ತಾಗಿತ್ತು. ಮೂರು ವರ್ಷ ಓದಿದ್ದು ಅದಕ್ಕೇ ಅಲ್ವಾ? ಆದ್ರೂ ಚೀಟಿ ಬರ್ಕೊಂಡು ನಿಂತೆ. ಅಜ್ಜ ನನ್ನ ಮುಖಾನೇ ನೋಡ್ತಿದ್ರು. ಇಲ್ಲಿಗೆ ಬರೋಕೆ ಮುಂಚೆ ನಾನು ಹಾಗಿರ್ಲಿಲ್ಲ. ನನಗೆ ನನ್ನ ಮೇಲೇ ನಾಚಿಕೆ ಆಗ್ತಿದೆ, ದೊಡ್ಡಕ್ಕ. ಇಲ್ಲೇ ಇದ್ರೆ ಅದೂ ಅಭ್ಯಾಸ ಆಗಿಬಿಡುತ್ತೆ."

ತಮ್ಮ ನಾಚಿಕೆಯನ್ನು ಹೊತ್ತುಕೊಂಡು ಬಂದಿದ್ದ ದೊಡ್ಡಕ್ಕನಿಗೆ, ಅದರಲ್ಲಿ ಒಂದು ಪಾಲನ್ನು ಈ ಹುಡುಗಿಯ ತಲೆಗೂ ಹೊರಿಸಿದ್ದೇನೆ ಎನ್ನುವುದು ಅಲ್ಲಿಯವರೆಗೆ ಹೊಳೆದಿರಲಿಲ್ಲ. "ಅದು ನಿಂದಲ್ಲ ಕಣೇ," ಎಂದರು. ಆ ಮಾತು ಅವಳಿಗೆ ಎಷ್ಟು ತಾಗಿತೋ ಗೊತ್ತಾಗಲಿಲ್ಲ. ಜೇಬಿನಿಂದ ಅವಳ ವರ್ಗಾವಣೆಯ ಅರ್ಜಿ ತೆಗೆದು ಹೊದಿಕೆಗಳ ರಾಶಿಯ ಮೇಲಿಟ್ಟು, ಖಾಲಿಯಿದ್ದ ಜಾಗದಲ್ಲಿ ಬರೆದರು: "ಈ ವಾರ್ಡಿನಲ್ಲಿ ತನಗೆ ಗೊತ್ತಿರುವ ಕೆಲಸ ಮಾಡಲು ಹೆಡ್ ನರ್ಸ್ ಬಿಡಲಿಲ್ಲ." ಕೆಳಗೆ ಸಹಿ ಮಾಡಿದರು. ಗುಬ್ಬಿ ಓದಿದಳು. ತಲೆಯಾಡಿಸಿ ಹೋದಳು. ಮುಂದಿನ ಸೋಮವಾರ ಅವಳು ಮಕ್ಕಳ ವಾರ್ಡಿಗೆ ಸೇರಿದಳು.

ಮೇಲಿನವರು ದೊಡ್ಡಕ್ಕನಿಗೆ ಎಚ್ಚರಿಕೆಯ ಪತ್ರ ಕೊಟ್ಟರು, ಹುದ್ದೆಯಲ್ಲಿ ಉಳಿಸಿದರು. ಎರಡು ತಿಂಗಳಾದ ಮೇಲೆ ಅಜ್ಜ ಕೈ ತೋರಿಸಲು ಬಂದಾಗ ಹೆಬ್ಬೆರಳಿಗೆ ಸ್ಪರ್ಶ ಮರಳಿತ್ತು. ತೋರುಬೆರಳು ಇನ್ನೂ ಅರ್ಧ ಮಂಕಾಗಿಯೇ ಇತ್ತು. ಗುಂಡಿ ಹೊಲಿಯುತ್ತೇನೆ, ಗುಂಡಿಯ ತೂತಿಗೆ ಕಾಜ ಹೊಲಿಯಲು ಆಗುತ್ತಿಲ್ಲ ಎಂದು ಡಾಕ್ಟರಿಗೆ ಹೇಳುತ್ತಿದ್ದುದನ್ನು ದೊಡ್ಡಕ್ಕ ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡರು. ಒಳಗೆ ಹೋಗುವ ಧೈರ್ಯವಾಗಲಿಲ್ಲ.

ಅದಕ್ಕೂ ಮುಂಚೆ, ಗುಬ್ಬಿ ಹೋದ ವಾರದಲ್ಲೇ, ಪಾಳಿ ಬದಲಾಗುವ ಹೊತ್ತಿಗೆ ಅವರು ಉಳಿದ ನರ್ಸುಗಳನ್ನು ಮೇಜಿನ ಸುತ್ತ ಕೂರಿಸಿದರು. ಕೇಳದೆ ಮಾಡಬಹುದಾದ ಕೆಲಸಗಳ ಪಟ್ಟಿ ಮಾಡಬೇಕೆಂದು ಹಿಂದಿನ ಸಂಜೆ ತಾವೊಬ್ಬರೇ ಬರೆಯಲು ಕೂತಿದ್ದರು. ಒಂದು ಸಾಲು ಬರೆದ ಮೇಲೆ, ಇದನ್ನೂ ನಾನೇ ತೀರ್ಮಾನಿಸುತ್ತಿದ್ದೇನಲ್ಲ ಎಂದು ನಾಚಿ ಹಾಳೆ ಹರಿದಿದ್ದರು.

"ನೀವು ಹೇಳಿ, ನಾನು ಬರ್ಕೊಳ್ತೀನಿ," ಎಂದರು.

ನರ್ಸುಗಳು ಒಬ್ಬರ ಮುಖ ಒಬ್ಬರು ನೋಡಿದರು. ಇದರಲ್ಲಿ ಏನೋ ಕೊಕ್ಕೆ ಇದೆ, ಬಾಯಿಬಿಟ್ಟವರು ಸಿಕ್ಕಿಬೀಳುತ್ತಾರೆ ಎನ್ನುವಂತೆ ಕೂತಿದ್ದರು.

"ನೀವೇ ಹೇಳಿ ದೊಡ್ಡಕ್ಕ, ನಾವು ಹಾಗೇ ಮಾಡ್ತೀವಿ," ಎಂದಳು ಹಿರಿಯ ನರ್ಸ್.

ದೊಡ್ಡಕ್ಕ ಪೆನ್ನು ಹಿಡಿದು ಕಾದರು. ಹೊರಗೆ ಗಾಲಿ ಕುರ್ಚಿಯೊಂದು ಕಿರುಗುಟ್ಟುತ್ತಾ ದಾಟಿಹೋಯಿತು. ಕಡೆಗೆ, ಅಜ್ಜನ ಮುಂದೆ ಔಷಧಿ ತಟ್ಟೆ ಹಿಡಿದು ಬಿಳಿಚಿಕೊಂಡಿದ್ದ ಎಳೆಯ ನರ್ಸ್ ತಲೆಯೆತ್ತದೆ ಹೇಳಿದಳು.

"ಕಿಟಕಿ."

"ಏನು?"

"ಕಿಟಕಿ ತೆಗೆಯೋದು, ದೊಡ್ಡಕ್ಕ. ಮಧ್ಯಾಹ್ನ ತುಂಬಾ ಸೆಖೆ ಆಗುತ್ತೆ. ಆರನೇ ಬೆಡ್ಡಿನವರು ದಿನಾ ಕೇಳ್ತಾರೆ."

ದೊಡ್ಡಕ್ಕ ತಿರುಗಿ ನೋಡಿದರು. ಉದ್ದದ ಗೋಡೆಯಲ್ಲಿ ಏಳು ಕಿಟಕಿಗಳಿದ್ದವು. ಏಳೂ ಮುಚ್ಚಿದ್ದವು. ಕಿಟಕಿ ತೆಗೆಯಲೂ ತಮ್ಮನ್ನು ಕೇಳಬೇಕು ಎಂದು ಯಾವತ್ತು ಹೇಳಿದ್ದೆ ಎಂದು ಅವರು ನೆನಪಿಸಿಕೊಳ್ಳಲು ನೋಡಿದರು. ನೆನಪಾಗಲಿಲ್ಲ. ಮುಖ ಬಿಸಿಯಾದದ್ದು ಕಾಣದಿರಲಿ ಎಂದು ಹಾಳೆಯ ಮೇಲೆ ಬಗ್ಗಿ, ಒಂದು ಎಂದು ಹಾಕಿ, ಕಿಟಕಿ ಎಂದು ಬರೆದರು.

"ಸರಿ," ಎಂದರು. "ಇನ್ನು?"